ಶಾಲೆಗೆ ತಂದ ಕೃಷಿ ರೋಬೋಟಿಕ್ಸ್ ಕಿಟ್: ನಮ್ಮ ಎರೆ ಮಣ್ಣಿನಲ್ಲಿ ಹೇಗೆ ನಡೀತು?

ಹಾವೇರಿ ಕಡೆಯ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳ್ತೀನಿ. ಕೇಂದ್ರ ಸರಕಾರದಿಂದ 20 ಲಕ್ಷದವರೆಗೆ ಅನುದಾನ ಬರುವ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಕೈಯಾರೆ ಯಂತ್ರ ಕಟ್ಟಿ ಕಲಿಯುವ ಕೋಣೆ) ನಮ್ಮಲ್ಲಿಲ್ಲ. ಹಳೆ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ಕೊಟ್ಟರು, ಆನ್‌ಲೈನ್‌ನಲ್ಲಿ ಈ ಕಿಟ್ ತರಿಸಿದೆವು. ಮೂರು ಸಾವಿರದ ಆಸುಪಾಸು ಬಿತ್ತು. ಕಂಪನಿ ಹೆಸರು ಬರೆಯೋದಿಲ್ಲ, ಇದೇ ಸಾಮಾನು ನಾಲ್ಕಾರು ಹೆಸರಲ್ಲಿ ಸಿಗ್ತದೆ.

ಪೆಟ್ಟಿಗೆಯಲ್ಲಿ ಇದ್ದದ್ದು: ಆರ್ಡುಯಿನೊ ಊನೊ ಮಾದರಿಯ ಬೋರ್ಡ್ (ನಾವು ಬರೆದ ಪ್ರೋಗ್ರಾಮಿನಂತೆ ನಡೆಯುವ ಪುಟ್ಟ ಕಂಪ್ಯೂಟರ್), ತೇವ ನೋಡಲು ಮಣ್ಣಿಗೆ ಚುಚ್ಚುವ ಎರಡು ಹಲ್ಲಿನ ಸೆನ್ಸರ್, ಬೋರ್ಡ್ ಹೇಳಿದಂತೆ ಪಂಪು ಹಚ್ಚಿ ಆರಿಸುವ ಸ್ವಿಚ್ಚು ಅಂದರೆ ರಿಲೇ, ಪುಟ್ಟ ಪಂಪು, ಪೈಪು, ಜೊತೆಗೆ ಬಿತ್ತನೆ ಗಾಡಿಯ ಬಿಡಿಭಾಗ. ಬೋರ್ಡ್ ಗಟ್ಟಿಯಾಗಿದೆ, ವೈರುಗಳೂ ಪರವಾಗಿಲ್ಲ. ಲ್ಯಾಬಿನ ಹಳೆ ಕಂಪ್ಯೂಟರ್‌ಗೆ ಸಿಎಚ್340 ಡ್ರೈವರ್ (ಬೋರ್ಡಿನ ಯುಎಸ್‌ಬಿ ಚಿಪ್ಪನ್ನು ಗುರುತಿಸುವ ಸಾಫ್ಟ್‌ವೇರ್) ಹಾಕಿದ ಮೇಲೇ ಬೋರ್ಡ್ ಕಾಣಿಸಿದ್ದು. ಕಿಟ್ಟಿನ ಜೊತೆ ಬಂದ ಪುಸ್ತಕದಲ್ಲಿ ಅದರ ಸುದ್ದಿಯೇ ಇಲ್ಲ. ಪುಸ್ತಕ ಪೂರ್ತಿ ಇಂಗ್ಲಿಷ್. ಪ್ರೋಗ್ರಾಮಿನ ಟಿಪ್ಪಣಿಗಳನ್ನು ಕನ್ನಡದಲ್ಲೇ ಟೈಪ್ ಮಾಡಿದೆವು, ಸಾಫ್ಟ್‌ವೇರ್ ತಕರಾರಿಲ್ಲದೆ ತಗೊಂಡಿತು.

ಮೊದಲು ಪಂಪು ಶುರುವಾದದ್ದೇ ಬೋರ್ಡ್ ರೀಸೆಟ್ ಆಗೋದು, ಪಂಪು ನಿಲ್ಲೋದು, ಮತ್ತೆ ಶುರು, ರಿಲೇ ಟಕಟಕ ಬಡ್ಕೊಳ್ಳೋದು. ಒಂಬತ್ತನೇ ತರಗತಿಯ ಹುಡುಗನೊಬ್ಬ ನೋಡಿ, "ಓಲ್ಟೇಜ್ ಇಲ್ದಾಗ ನಮ್ಮ ಬೋರಿನ ಮೋಟ್ರೂ ಹಿಂಗ ಮಾಡತೈತ್ರೀ ಸರ" ಅಂದ. ರೋಗ ಅದೇ. ಪುಸ್ತಕದ ಚಿತ್ರದಲ್ಲಿ ಪಂಪಿಗೂ ಬೋರ್ಡಿನ 5 ವೋಲ್ಟನ್ನೇ ಕೊಟ್ಟಿದ್ದಾರೆ. ಪಂಪಿಗೆ ಬೇರೆ ಬ್ಯಾಟರಿ ಜೋಡಿಸಿದ ಮೇಲೆ ಸರಿಹೋಯಿತು.

ನನ್ನ ದೊಡ್ಡ ತಕರಾರು ಇರೋದು ಸೆನ್ಸರಿನ ಮೇಲೆ. ಎರಡು ಹಲ್ಲಿನ ನಡುವೆ ಮಣ್ಣಿನಲ್ಲಿ ಎಷ್ಟು ಸಲೀಸಾಗಿ ಕರೆಂಟು ಹರಿಯುತ್ತದೆ ಅಂತ ನೋಡಿ ಅದು 0ಯಿಂದ 1023ರ ನಡುವೆ ಒಂದು ಅಂಕಿ ಕೊಡ್ತದೆ, ಒಣಗಿದಷ್ಟೂ ಅಂಕಿ ಏರ್ತದೆ. 500 ದಾಟಿದರೆ ನೀರು ಬಿಡು ಅಂತ ಪುಸ್ತಕದ ಅಪ್ಪಣೆ. ಯಾವ ಮಣ್ಣಿಗೆ ಅನ್ನೋ ಮಾತೇ ಇಲ್ಲ! ಎರೆ ಮಣ್ಣು ಒಣಗುವಾಗ ಬಿರಿಯುತ್ತದೆ. ಸೆನ್ಸರಿನ ಹಲ್ಲಿನ ಪಕ್ಕದಲ್ಲೇ ಬಿರುಕು ಬಿಟ್ಟು, ಕೆಳಗೆ ಹಸಿ ಇದ್ದರೂ ಅಂಕಿ ಸಾವಿರದ ಹತ್ತಿರ ಹೋಗಿ, ಪಂಪು ಮೆಣಸಿನ ಸಸಿಯ ಕುಂಡವನ್ನು ಕೆರೆ ಮಾಡಿಬಿಟ್ಟಿತು. ಡಿಎಪಿ ಗೊಬ್ಬರ ಕರಗಿಸಿ ಹಾಕಿದ ಕುಂಡದಲ್ಲಿ ಉಲ್ಟಾ, ಲವಣದಿಂದಾಗಿ ವಿದ್ಯುತ್ ಸಲೀಸಾಗಿ ಹರಿದು, ಇರೋದಕ್ಕಿಂತ ಹೆಚ್ಚು ತೇವ ತೋರಿಸಿತು.

ಪಾಠ ನಿಜವಾಗಿ ಶುರುವಾದದ್ದು ಆಮೇಲೆ. ಅಜ್ಜಿ ಹೊಲದಲ್ಲಿ ಒಂದು ಹಿಡಿ ಮಣ್ಣು ಹಿಚುಕಿ, ಉಂಡೆ ನಿಲ್ಲದಿದ್ದರೆ ನೀರು ಕಟ್ಟಿಸ್ತಾಳೆ ಅಂತ ಒಬ್ಬ ಹುಡುಗಿ ಹೇಳಿದಳು. ಸರಿ, ಒಣಗಿಸಿದ ಮಣ್ಣಿಗೆ ಅಳೆದಳೆದು ನೀರು ಕಲಸಿ, ಪ್ರತಿ ಸಲ ಹಿಚುಕಿ, ಉಂಡೆ ಒಡೆಯುವ ಹೊತ್ತಿನ ಅಂಕಿ ಬರೆದುಕೊಂಡರು. ಎರೆಗೆ ಒಂದು, ಕೆಂಪು ಮಸಾರಿ ಮಣ್ಣಿಗೆ ಇನ್ನೊಂದು ಬಂತು. ಪ್ರೋಗ್ರಾಮಿನಲ್ಲಿ 500 ಅಳಿಸಿ ತಮ್ಮ ಅಂಕಿ ಹಾಕಿದರು. ಕಿಟ್ಟಿಗೆ ಕೊಟ್ಟ ದುಡ್ಡು ಅಲ್ಲಿಗೆ ವಸೂಲಾಯಿತು.

ಸೆನ್ಸರಿನ ಹಲ್ಲು ಬೇಗ ಸವೆಯುತ್ತದೆ. ಹಸಿ ಮಣ್ಣಿನಲ್ಲಿ ಸದಾ ಕರೆಂಟು ಹರಿದರೆ ವಿದ್ಯುದ್ವಿಭಜನೆಯಿಂದ ಲೇಪ ಕರಗ್ತದೆ, ಹತ್ತನೇ ತರಗತಿ ಪಾಠವೇ ಕಣ್ಣೆದುರು. ಅಂಕಿ ಓದುವ ಹೊತ್ತಿಗೆ ಮಾತ್ರ ಸೆನ್ಸರಿಗೆ ಕರೆಂಟು ಸಿಗುವಂತೆ ಪ್ರೋಗ್ರಾಮು ಬರೆದರೆ ಹೆಚ್ಚು ದಿನ ಬಾಳ್ತದೆ. ಅದಕ್ಕಿಂತ ಲೋಹ ಮಣ್ಣಿಗೆ ತಾಗದೆಯೇ ತೇವ ಅಳೆಯುವ ಕೆಪ್ಯಾಸಿಟಿವ್ ಸೆನ್ಸರ್ ಲೇಸು, ನೂರು ಚಿಲ್ಲರೆ ರೂಪಾಯಿಗೆ ಸಿಗ್ತದೆ. ಅದರ ಮೇಲಂಚಿಗೆ ನೀರು ತಾಗಬಾರದು, ನಮ್ಮ ಹುಡುಗಿಯರು ನೈಲ್ ಪಾಲಿಶ್ ಬಳಿದರು. ಬಿರುಕಿನ ತೊಂದರೆ ಅದಕ್ಕೂ ಇದೆ, ಸುತ್ತ ಮಣ್ಣು ಒತ್ತಿ ಕೂರಿಸಬೇಕು.

ಬಿತ್ತನೆ ಗಾಡಿ ಆಟಿಕೆ, ಅಷ್ಟೆ. ಸಿಮೆಂಟ್ ಕಟ್ಟೆಯ ಮೇಲೆ ಓಡ್ತದೆ, ಹೊಲಕ್ಕಿಳಿಸಿದರೆ ಗಾಲಿಗೆ ಮಣ್ಣು ಮೆತ್ತಿ ನಿಲ್ತದೆ. ಹೆಸರು ಕಾಳನ್ನು ಒಂದೊಂದೇ ಬಿಡ್ತದೆ, ಮೆಣಸಿನ ಬೀಜವನ್ನು ಗುಂಪಾಗಿ ಸುರೀತದೆ. ಕೂರಿಗೆ ನೋಡಿ ಬೆಳೆದ ಮಕ್ಕಳು ನಕ್ಕರು.

ಎಂಟು, ಒಂಬತ್ತನೇ ತರಗತಿಗೆ ಧೈರ್ಯವಾಗಿ ಕೊಳ್ಳಿ. ಗಾಡಿ ಇಲ್ಲದ ಪೆಟ್ಟಿಗೆ ಸಿಕ್ಕರೆ ಅದನ್ನೇ ತಗೊಳ್ಳಿ. ಉಳಿದ ದುಡ್ಡಿಗೆ ಎರಡು ಕೆಪ್ಯಾಸಿಟಿವ್ ಸೆನ್ಸರ್, ಬ್ಯಾಟರಿ ಡಬ್ಬಿ ಮತ್ತೊಂದು ಪಂಪು ಇರಲಿ. ಬಕೆಟ್‌ನಲ್ಲಿ ನೀರು ಮುಗಿದದ್ದು ಯಾರೂ ನೋಡದಿದ್ದರೆ ಮೊದಲನೆಯದು ಸುಟ್ಟು ಹೋಗ್ತದೆ.