ಪೆರಿ ಮೇಸನ್ನೋ, ರಂಪೋಲೋ?

ಮೂರು ತಿಂಗಳಿಂದ ರಾತ್ರಿ ಊಟ ಆದ ಮೇಲೆ ಕಥೆಪುಸ್ತಕದ ಇಬ್ಬರು ವಕೀಲರನ್ನು ಓದುತ್ತಿದ್ದೇನೆ. ಒಬ್ಬ ಲಾಸ್ ಏಂಜಲೀಸ್‌ನ ಪೆರಿ ಮೇಸನ್, ಇನ್ನೊಬ್ಬ ಲಂಡನ್ನಿನ ಹೊರೇಸ್ ರಂಪೋಲ್. ಮೇಸನ್‌ದು ಆರು ಕಾದಂಬರಿ ಆಯಿತು, ರಂಪೋಲ್‌ದು ಮೂರು ಕಥಾಸಂಕಲನ, ಒಂದು ಕಾದಂಬರಿ.

ಕಥೆ ಓಡಿಸುವುದರಲ್ಲಿ ಮೇಸನ್‌ಗೆ ಸಾಟಿ ಇಲ್ಲ. 1933ರಲ್ಲಿ ಶುರುವಾದ ಸರಣಿ, 80ಕ್ಕೂ ಹೆಚ್ಚು ಕಾದಂಬರಿಗಳು. ಬರೆದ ಅರ್ಲ್ ಸ್ಟಾನ್ಲಿ ಗಾರ್ಡ್ನರ್ ತಾವೇ ವಕೀಲರಾಗಿದ್ದವರು, ಅದು ಪಾಟೀಸವಾಲಿನ ಒಂದೊಂದು ಪ್ರಶ್ನೆಯಲ್ಲೂ ಗೊತ್ತಾಗುತ್ತದೆ. ನಾನು ತಡವಾಗಿ ಗಮನಿಸಿದ ಒಂದು ವಿಷಯ: ಬಹಳ ಸಲ ಜಟಾಪಟಿ ನಡೆಯುವುದು ಜ್ಯೂರಿ ಎದುರು ಅಲ್ಲವೇ ಅಲ್ಲ, ಕೇಸು ಮುಂದಕ್ಕೆ ಹೋಗುವಷ್ಟು ಸಾಕ್ಷ್ಯ ಇದೆಯೇ ಅಂತ ನೋಡುವ ಮೊದಲ ವಿಚಾರಣೆಯಲ್ಲಿ. ಅಲ್ಲೇ ಮೇಸನ್ ಕೊಲೆಗಾರನನ್ನು ಹೊರಗೆಳೆದುಬಿಡುತ್ತಾನೆ. ಆದರೆ ಒಂದು ಪುಸ್ತಕ ಎರಡನೇ ಸಲ ಹಿಡಿದಾಗ 40 ಪುಟ ದಾಟಲು ಆಗಲಿಲ್ಲ. ಕೊಲೆಗಾರ ಯಾರು ಅಂತ ಗೊತ್ತಿತ್ತಲ್ಲ! ಮೇಸನ್‌ಗೆ ಮನೆಯಿಲ್ಲ, ವಯಸ್ಸಾಗುವುದಿಲ್ಲ, ಕಾದಂಬರಿಯಿಂದ ಕಾದಂಬರಿಗೆ ಅವನು ಹಾಗೇ ಇರುತ್ತಾನೆ.

ರಂಪೋಲ್ ಹಾಗಲ್ಲ. ದಪ್ಪ ಹೊಟ್ಟೆಯ ಮುದುಕ, ಕೋಟಿನ ಮೇಲೆ ಚುಟ್ಟದ ಬೂದಿ, ಕೋರ್ಟಿನಲ್ಲಿ ನಿಂತು ವರ್ಡ್ಸ್‌ವರ್ತ್ ಕವಿತೆ ಹೇಳುತ್ತಾನೆ. ದೊಡ್ಡ ವಕೀಲರಿಗೆ ಆಗ ಸಿಗುತ್ತಿದ್ದ ಕ್ಯೂ.ಸಿ. ಪದವಿ ಅವನಿಗೆ ಸಿಗಲೇ ಇಲ್ಲ. ಹೊಟ್ಟೆಪಾಡು ನಡೆಯುವುದು ಹೆಚ್ಚಾಗಿ ಟಿಮ್ಸನ್ ಅನ್ನುವ ಕಳ್ಳರ ಮನೆತನದ ಚಿಲ್ಲರೆ ಕೇಸುಗಳಿಂದ. ಮನೆಗೆ ಹೋದರೆ ಹೆಂಡತಿ ಹಿಲ್ಡಾ ಕಾದಿರುತ್ತಾಳೆ. ಕೆಲವು ಕೇಸು ಸೋಲುತ್ತಾನೆ, ಕೆಲವು ಗೆದ್ದರೂ ಅವನಿಗೆ ಖುಷಿ ಇರುವುದಿಲ್ಲ, ಆ ಸಂಕಟ ನನಗೆ ತುಂಬಾ ಹಿಡಿಸಿತು. ಬರೆದ ಜಾನ್ ಮಾರ್ಟಿಮರ್ ಕೂಡ ವಕೀಲರೇ. ಮೊದಲ ಸಂಕಲನ ಬಂದದ್ದು 1978ರಲ್ಲಿ. ಒಂದು ಕಥೆ ಒಂದು ರಾತ್ರಿಗೆ ಸರಿಹೋಗುತ್ತದೆ.

ರಾತ್ರಿ ರೈಲಿನ ಪ್ರಯಾಣಕ್ಕಾದರೆ ನಾನು ಈಗಲೂ ಮೇಸನ್‌ನನ್ನೇ ತೆಗೆದುಕೊಂಡು ಹೋಗುತ್ತೇನೆ. ಮನೆಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಓದಲು ಮಾತ್ರ ರಂಪೋಲ್.

ಒಂದೇ ಮಾತು, 2004ರಲ್ಲಿ ಬಂದ, ರಂಪೋಲ್‌ನ ಪೆಂಜ್ ಬಂಗಲೆ ಕೊಲೆಗಳ ಕಾದಂಬರಿಯನ್ನು ಮೊದಲು ಓದಬೇಡಿ. ಹಿರಿಯ ವಕೀಲರ ಆಸರೆಯಿಲ್ಲದೆ ಒಬ್ಬನೇ ಗೆದ್ದ ಆ ಹಳೇ ಕೇಸಿನ ಬಗ್ಗೆ ಅವನು ಕಥೆಗಳಲ್ಲಿ ಹೇಳಿದ್ದನ್ನೇ ಹೇಳುತ್ತಿರುತ್ತಾನೆ. ಅದನ್ನು ಕೇಳಿ ಕೇಳಿ ಸಾಕಾದ ಮೇಲೆ ಕಾದಂಬರಿ ತೆರೆಯಿರಿ. ಆ ಕೇಸಿನ ಕಾಲಕ್ಕೆ ಇಂಗ್ಲೆಂಡಿನಲ್ಲಿ ಕೊಲೆಗೆ ನೇಣು ಇತ್ತು, ಕಟಕಟೆಯಲ್ಲಿ ನಿಂತವನು ಇನ್ನೂ ಹುಡುಗ, ಅವನ ಪರ ಎದ್ದು ನಿಲ್ಲುವ ರಂಪೋಲ್ ಕೂಡ ಹೆಚ್ಚು ಕಡಿಮೆ ಹುಡುಗನೇ.