ದೋಣಿಯ ಮೈಗೆ ಯಾವ ಬಣ್ಣ? ಬಿಳಿ, ಕಡುನೀಲಿ, ಕೆಂಪು, ಬೂದು ಬಳಿದು ನೋಡಿದ್ದು

ದೋಣಿಗೆ ಬಣ್ಣ ಆರಿಸಲು ಕೂತರೆ ಕಣ್ಣು ಮೊದಲು ಹೋಗುವುದು ಕಡುನೀಲಿಯ ಕಡೆಗೆ. ಹೊಳೆಯುವ ನೀಲಿ ಮೈ, ಮೇಲೊಂದು ತೆಳು ಬಿಳಿ ಪಟ್ಟಿ. ಯಾರಿಗೆ ಬೇಡ ಹೇಳಿ? ಆದರೆ ನನ್ನದು ಗಾಜಿನ ನಾರಿನ ಬಟ್ಟೆಗೆ ರಾಳ ಹಚ್ಚಿ ಮಾಡಿದ ಹಳೆಯ ಫೈಬರ್ ದೋಣಿ, ಅಲ್ಲಲ್ಲಿ ಎಪಾಕ್ಸಿ (ಬೆರೆಸಿ ಹಚ್ಚಿದರೆ ಗಟ್ಟಿಯಾಗುವ ರಾಳ) ತೇಪೆ ಬಿದ್ದಿದೆ. ಬಣ್ಣದ ಕಾರ್ಡ್ ನೋಡಿ ತೀರ್ಮಾನ ಮಾಡುವ ಧೈರ್ಯ ಬರಲಿಲ್ಲ. ಫೈಬರಿನ ತುಂಡುಗಳಿಗೆ ಬಿಳಿ, ಕಡುನೀಲಿ, ಕೆಂಪು, ತಿಳಿಬೂದು ಬಳಿದು ಬಿಸಿಲಿಗೆ ಇಟ್ಟೆ. ಪ್ರೈಮರ್ ಒಂದೇ. ಪೇಂಟ್ ಕೂಡ ಒಂದೇ ಜಾತಿಯದು, ಎರಡು ಡಬ್ಬಿ ಬೆರೆಸಿ ಬಳಿಯುವ ಪಾಲಿಯುರೆಥೇನ್.

ಕಡುನೀಲಿ ಸೋತದ್ದು ಮಧ್ಯಾಹ್ನದ ಬಿಸಿಲಿನಲ್ಲಿ. ಬಿಳಿ ತುಂಡಿನ ಮೇಲೆ ಅಂಗೈ ಆರಾಮಾಗಿ ಇಡಬಹುದಿತ್ತು. ನೀಲಿಯ ಮೇಲೆ ಇಟ್ಟ ಕೈಯನ್ನು ತಕ್ಷಣ ಎಳೆದುಕೊಳ್ಳಬೇಕಾಯಿತು. ಜೋರು ಬಿಸಿಲಿನಲ್ಲಿ ಕಡುಬಣ್ಣದ ಮೈ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಮಾಮೂಲಿ ಹವೆಯಲ್ಲಿ ಗಟ್ಟಿಯಾದ ಎಪಾಕ್ಸಿ 50–60 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ. ಹಾಗೆ ಮೆತ್ತಗಾಗಿ ಮತ್ತೆ ಬಿಗಿಯುವಾಗ ಒಳಗಿನ ಗಾಜಿನ ಬಟ್ಟೆಯ ನೇಯ್ಗೆ ಮೇಲೆ ಮೂಡುತ್ತದೆ. ಸಂಜೆ ತುಂಡನ್ನು ಓರೆ ಹಿಡಿದು ನೋಡಿದೆ. ಆ ಹೊಳಪಿನ ಕೆಳಗೆ ಸಣ್ಣ ಸಣ್ಣ ಚೌಕುಳಿ! ಬಿಳಿ ತುಂಡಿನಲ್ಲಿ ಹುಡುಕಿದರೂ ಸಿಗಲಿಲ್ಲ. ಮರದ ದೋಣಿಗೂ ಕಡುಬಣ್ಣ ಒಳ್ಳೆಯದಲ್ಲ, ಹಲಗೆ ಒಣಗಿ ಸಂದು ಬಿಡುತ್ತದೆ.

ಇಷ್ಟು ಸಾಲದು ಎಂಬಂತೆ ಕಡುನೀಲಿ ಚಾಡಿಕೋರ ಬಣ್ಣ ಬೇರೆ. ಪುಟ್ಟಿ ಸರಿಯಾಗಿ ಉಜ್ಜದ ಜಾಗ, ಗೀರು, ಒಣಗಿದ ಉಪ್ಪುನೀರಿನ ಕಲೆ, ಒಂದನ್ನೂ ಮುಚ್ಚಿಡುವುದಿಲ್ಲ.

ಕೆಂಪು ದೂರಕ್ಕೆ ಚೆನ್ನಾಗಿ ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಗೆಳೆಯನ ದೋಣಿಯ ಪಕ್ಕಕ್ಕೆ ತುಂಡುಗಳನ್ನು ಕಟ್ಟಿ ದೂರ ಕಳಿಸಿ ನೋಡಿದೆ. ಹಗಲಿನಲ್ಲಿ ಕೆಂಪು ಎದ್ದು ಕಂಡಿತು. ಹೊತ್ತು ಮುಳುಗುತ್ತಿದ್ದಂತೆ ಮೊದಲು ಕಪ್ಪಾದದ್ದೂ ಅದೇ. ಬೆಳಕು ಕಡಿಮೆಯಾದಾಗ ನಮ್ಮ ಕಣ್ಣಿಗೆ ಕೆಂಪು ಬೇಗ ಮಂಕಾಗುತ್ತದೆ. ಮುಸ್ಸಂಜೆಯಲ್ಲಿ ಕೊನೆವರೆಗೂ ಕಂಡದ್ದು ಬಿಳಿ. ಆದರೆ ಗಾಳಿಗೆ ಅಲೆಗಳು ನೊರೆ ಎಬ್ಬಿಸಿದ ಹಗಲಿನಲ್ಲಿ ಅದೇ ಬಿಳಿ ನೊರೆಯಲ್ಲಿ ಕಳೆದುಹೋಗುತ್ತದೆ. ಹಡಗುಗಳ ಜೀವರಕ್ಷಕ ದೋಣಿಗಳಿಗೆ ಕಿತ್ತಳೆ ಬಳಿಯುವುದು ಸುಮ್ನೆ ಅಲ್ಲ. ಕೆಂಪಿನ ಇನ್ನೊಂದು ತಕರಾರು, ಬಿಸಿಲಿಗೆ ಮಾಸುವುದು. ಆಮೇಲೆ ಅದೇ ಡಬ್ಬಿಯ ಪೇಂಟ್ ತಂದು ಗೀರು ಮುಚ್ಚಿದರೂ ತೇಪೆ ಹಾಕಿದ್ದು ಗೊತ್ತಾಗುತ್ತದೆ.

ಅಂದಹಾಗೆ, ದೊಡ್ಡ ಹಡಗುಗಳ ತಳ ಕೆಂಪಗಿರುವುದು ಚೆಂದಕ್ಕೆ ಬಂದದ್ದಲ್ಲ. ಚಿಪ್ಪುಹುಳ, ಪಾಚಿ ಹತ್ತದಂತೆ ಬಳಿಯುವ ಪೇಂಟಿನಲ್ಲಿ ತಾಮ್ರದ ಆಕ್ಸೈಡ್ ಇರುತ್ತದೆ, ಅದರ ಬಣ್ಣವೇ ಕೆಂಪು. ನೀರಿನ ಮೇಲಿನ ಮೈಗೂ ಅದಕ್ಕೂ ಸಂಬಂಧ ಇಲ್ಲ.

ತಿಳಿಬೂದು ಕೊಳೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಮುಚ್ಚುತ್ತದೆ. ದೋಣಿಯನ್ನೂ ಮುಚ್ಚುತ್ತದೆ! ಯುದ್ಧನೌಕೆಗಳಿಗೆ ಬೂದು ಬಳಿಯುವುದೇ ಅದಕ್ಕಲ್ವಾ? ಮೋಡ ಕವಿದ ದಿನ ದೊಡ್ಡ ದೋಣಿಯವನಿಗೆ ನಾನು ಕಾಣದೆ ಹೋಗುವುದು ನನಗೆ ಬೇಡ.

ಉಳಿದದ್ದು ಬಿಳಿ. ಅಡಿಯ ಪ್ರೈಮರ್ ಕಾಣದಂತೆ ಚೆನ್ನಾಗಿ ಮುಚ್ಚಿಕೊಳ್ಳುತ್ತದೆ, ತಂಪಾಗಿರುತ್ತದೆ, ಗೀರು ಬಿದ್ದರೆ ಮುಚ್ಚುವುದೂ ಸುಲಭ. ತೊಂದರೆ ಎಂದರೆ ಮುಂಭಾಗದಲ್ಲಿ ನೀರು ತಾಗುವ ಕಡೆ ಕಂದು ಕಲೆ ಕೂರುತ್ತದೆ, ಬೋಲ್ಟುಗಳ ಕೆಳಗೆ ತುಕ್ಕಿನ ಗೆರೆ ಇಳಿಯುತ್ತದೆ. ಸೋಪಿಗೆ ಇವು ಜಗ್ಗುವುದಿಲ್ಲ. ಆಕ್ಸಾಲಿಕ್ ಆಮ್ಲವನ್ನು ನೀರಿಗೆ ಬೆರೆಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಹೋಗುತ್ತವೆ. ಕೈಗವಸು ಮರೆಯಬೇಡಿ.

ಕೊನೆಗೆ ಮೈಗೆಲ್ಲ ಸ್ವಲ್ಪ ಕೆನೆ ಛಾಯೆಯ ಬಿಳಿ ಬಳಿದೆ. ಅಚ್ಚ ಬಿಳಿ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ. ಹೊಳಪು ಅರ್ಧದಷ್ಟು ಸಾಕು ಎಂದುಕೊಂಡೆ, ಉಬ್ಬುತಗ್ಗು ಕಡಿಮೆ ಕಾಣುತ್ತದೆ. ಕಂದು ಕಲೆ ಕೂರುವ ಜಾಗದಲ್ಲಿ ಮಾತ್ರ ಕಡುನೀಲಿಯ ಅಗಲ ಪಟ್ಟಿ. ಅಲ್ಲಿ ತೇಪೆಗಳಿಲ್ಲ, ನೀರೂ ಪಕ್ಕದಲ್ಲೇ ಇದೆ, ಬಿಸಿಯ ಚಿಂತೆ ಕಡಿಮೆ. ಮೇಲಿನ ಅಂಚಿಗೆ ಕಿತ್ತಳೆ ಎಳೆದೆ. ನೋಡಿದವರಲ್ಲಿ ಕೆಲವರು ಮೂಗು ಮುರಿದರು. ಅವರಿಗೆ ದೂರದಿಂದ ಕಂಡಿತಲ್ಲ, ನನಗೆ ಅಷ್ಟು ಸಾಕು.