ಪರ್ಡ್ಯೂ ಔಲ್: ಇಂಗ್ಲಿಷ್ ವಿದ್ಯಾರ್ಥಿಗಳಿಗೆ ಎಷ್ಟು ಉಪಯೋಗ?

ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯವು ನಡೆಸುವ ಆನ್‌ಲೈನ್ ರೈಟಿಂಗ್ ಲ್ಯಾಬ್ ಬಳಸುವವರ ಬಾಯಲ್ಲಿ ‘ಪರ್ಡ್ಯೂ ಔಲ್’ ಎಂದೇ ಪರಿಚಿತ. 1976ರಲ್ಲಿ ವಿಶ್ವವಿದ್ಯಾಲಯದೊಳಗೆ ಆರಂಭವಾದ ಬರವಣಿಗೆ ಕೇಂದ್ರವು 1990ರ ದಶಕದಲ್ಲಿ ಅಂತರ್ಜಾಲಕ್ಕೆ ಬಂದು, ಇಂದು ಯಾವ ದೇಶದ ವಿದ್ಯಾರ್ಥಿಯೂ ಶುಲ್ಕವಿಲ್ಲದೆ ಓದಬಹುದಾದ ದೊಡ್ಡ ಕೈಪಿಡಿಯಾಗಿದೆ.

ವ್ಯಾಕರಣದ ಪುಟಗಳು ಚಿಕ್ಕವು, ಸ್ಪಷ್ಟವಾದವು. ‘ಎ’, ‘ಆ್ಯನ್’ಗಳ ಆಯ್ಕೆಯನ್ನು ನಿರ್ಧರಿಸುವುದು ಪದದ ಮೊದಲ ಅಕ್ಷರವಲ್ಲ, ಮೊದಲ ಧ್ವನಿ ಎಂಬುದನ್ನು ಅಲ್ಲಿ ನಾಲ್ಕಾರು ಉದಾಹರಣೆಗಳಲ್ಲೇ ಮನದಟ್ಟು ಮಾಡಿಸುತ್ತಾರೆ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಪ್ರತ್ಯೇಕ ವಿಭಾಗವಿದೆ, ಅಭ್ಯಾಸಗಳೂ ಇವೆ.

ಸಾಹಿತ್ಯದ ವಿಭಾಗ ಬೇರೆಯೇ ಬಗೆಯದು, ನನ್ನ ಮಟ್ಟಿಗೆ ತಾಣದ ನಿಜವಾದ ಬೆಲೆ ಇರುವುದು ಇಲ್ಲಿಯೇ. ಒಂದು ಕವಿತೆಯ ಭಾವಾರ್ಥವನ್ನೋ ಕಾದಂಬರಿಯ ಸಾರಾಂಶವನ್ನೋ ನಿರೀಕ್ಷಿಸಿ ಬಂದವರಿಗೆ ಅದು ಸಿಗುವುದಿಲ್ಲ. ಬದಲಿಗೆ ಕೃತಿಯ ಬಗ್ಗೆ ವಾದವೊಂದನ್ನು ಕಟ್ಟುವುದು ಹೇಗೆ, ಆ ವಾದಕ್ಕೆ ಪಠ್ಯದಿಂದಲೇ ಆಧಾರ ಒದಗಿಸುವುದು ಹೇಗೆ, ಕಥೆಯನ್ನು ಮತ್ತೆ ಹೇಳುವುದಕ್ಕೂ ವಿಶ್ಲೇಷಿಸುವುದಕ್ಕೂ ಇರುವ ಅಂತರವೇನು ಎಂಬುದನ್ನು ಕಲಿಸುತ್ತಾರೆ. ವಿಮರ್ಶಾ ಸಿದ್ಧಾಂತಗಳ ಪುಟಗಳಲ್ಲಿ ರೂಪನಿಷ್ಠ, ಮಾರ್ಕ್ಸ್‌ವಾದಿ, ಮನೋವಿಶ್ಲೇಷಣಾತ್ಮಕ, ಸ್ತ್ರೀವಾದಿ, ವಸಾಹತೋತ್ತರ ಮುಂತಾದ ಪಂಥಗಳ ಪರಿಚಯವಿದ್ದು, ಆಯಾ ಪಂಥದ ವಿಮರ್ಶಕನು ಕೃತಿಯ ಮುಂದೆ ಇಡುವ ಪ್ರಶ್ನೆಗಳ ಪಟ್ಟಿಯೂ ಇದೆ. ಯಾವ ಕಡೆಯಿಂದ ಹಿಡಿಯಬೇಕೆಂದು ತೋಚದೆ ಕುಳಿತ ವಿದ್ಯಾರ್ಥಿಗೆ ಈ ಪಟ್ಟಿ ದೊಡ್ಡ ಆಸರೆ. ಆದರೆ ಎಲ್ಲ ಪ್ರಶ್ನೆಗಳಿಗೂ ಒಂದೊಂದು ವಾಕ್ಯದ ಉತ್ತರ ಬರೆದು ಪ್ರಬಂಧ ಮುಗಿಯಿತೆಂದುಕೊಳ್ಳುವ ಅಪಾಯವೂ ಉಂಟು. ಅಧ್ಯಾಪಕರು ಅಂಥ ಬರಹವನ್ನು ಎರಡನೆಯ ಪ್ಯಾರಾದಲ್ಲೇ ಗುರುತಿಸುತ್ತಾರೆ. ಸಿದ್ಧಾಂತಗಳ ಪರಿಚಯವು ತೀರಾ ಸಂಕ್ಷಿಪ್ತವಾದ್ದರಿಂದ ಸ್ನಾತಕೋತ್ತರ ಹಂತದಲ್ಲಿ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಆಕರಗಳನ್ನು ಉಲ್ಲೇಖಿಸುವ ಎಂಎಲ್‌ಎ, ಎಪಿಎ (ಕ್ರಮವಾಗಿ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್, ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ರೂಪಿಸಿದ) ಶೈಲಿಗಳ ವಿಷಯದಲ್ಲಿ ಮಾತ್ರ ನನಗೆ ಯಾವ ತಕರಾರೂ ಇಲ್ಲ. 2021ರಲ್ಲಿ ಬಂದ ಎಂಎಲ್‌ಎ ಕೈಪಿಡಿಯ ಒಂಬತ್ತನೆಯ ಆವೃತ್ತಿಯ ನಿಯಮಗಳನ್ನು ಪುಸ್ತಕ, ಲೇಖನ, ಜಾಲತಾಣ ಎಂದು ವಿಂಗಡಿಸಿ ಮಾದರಿಗಳ ಸಹಿತ ಕೊಟ್ಟಿದ್ದಾರೆ.

ಇಲ್ಲಿನ ರೂಢಿಗಳು ಅಮೆರಿಕದವು ಎಂಬುದನ್ನು ಮರೆಯಬಾರದು. ಪೂರ್ಣವಿರಾಮವನ್ನು ಉದ್ಧರಣ ಚಿಹ್ನೆಯ ಒಳಗೆ ಇಡುವ ಕ್ರಮವನ್ನೇ ಬ್ರಿಟಿಷ್ ಪದ್ಧತಿಯ ಪರೀಕ್ಷೆಗಳಿಗೆ ಕೊಂಡೊಯ್ದರೆ ತಪ್ಪೆಂದು ಗುರುತು ಹಾಕಿಸಿಕೊಳ್ಳಬೇಕಾದೀತು. ಪುಟಗಳ ನಡುವಿನ ಜಾಹೀರಾತುಗಳು ಓದಿಗೆ ಕಿರಿಕಿರಿ ಮಾಡುತ್ತವೆ. ಹೊಸಬರಿಗೆ ಇನ್ನೊಂದು ತೊಡಕೆಂದರೆ, ಸಾಹಿತ್ಯದ ಪುಟಗಳು ಮೊದಲ ನೋಟಕ್ಕೆ ಸಿಗುವುದಿಲ್ಲ; ‘ಸಬ್ಜೆಕ್ಟ್ ಸ್ಪೆಸಿಫಿಕ್ ರೈಟಿಂಗ್’ ಎಂಬ ವಿಭಾಗವನ್ನು ತೆರೆದು, ಅದರೊಳಗಿನ ‘ರೈಟಿಂಗ್ ಇನ್ ಲಿಟರೇಚರ್’ ಅನ್ನು ಹುಡುಕಿಕೊಳ್ಳಬೇಕು.